ಕಾಯುವ ಊಟ, ಕಾಯದ ಊಟ: ರಾತ್ರಿಗೆ ಏನು ಮಾಡೋಣ?

ಸಂಜೆ ಆರೂವರೆ ಆದರೆ ಸಾಕು, ನಮ್ಮನೆಯಲ್ಲಿ ಒಂದೇ ಪ್ರಶ್ನೆ. ರಾತ್ರಿಗೆ ಏನು? ಕೇಳುವವರು ಮೂವರು, ಉತ್ತರ ಹುಡುಕಬೇಕಾದವಳು ನಾನೊಬ್ಬಳು. ತಿರುಗಿ ಕೇಳಿದರೆ "ಏನಾದ್ರೂ ಮಾಡು" ಅಂತಾರೆ. ಆ 'ಏನಾದ್ರೂ' ಅನ್ನೋ ಅಡುಗೆಗೆ ಎಷ್ಟು ಉಪ್ಪು, ಎಷ್ಟು ಹುಳಿ ಅಂತ ಇವತ್ತಿನವರೆಗೂ ಯಾರೂ ಹೇಳಿಕೊಟ್ಟಿಲ್ಲ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಕಳೆದ 15 ದಿನ ರಾತ್ರಿ ಮಾಡಿದ್ದನ್ನೂ ಬರೆಯುತ್ತಾ ಬಂದೆ. ಅನ್ನ-ಸಾರು 6 ದಿನ, ಮುದ್ದೆ 3, ಚಪಾತಿ 2, ಉಪ್ಪಿಟ್ಟು-ಅವಲಕ್ಕಿ 2, ಜೋಳದ ರೊಟ್ಟಿ 1, ಹೊರಗಿಂದ ತರಿಸಿದ್ದು 1. ಪಕ್ಕದಲ್ಲಿ ಇನ್ನೊಂದು ಗುರುತು ಹಾಕಿದೆ: ಎಲ್ಲರೂ ನೆಮ್ಮದಿಯಾಗಿ ಉಂಡ ದಿನಕ್ಕೆ ಸರಿ, ಗೊಣಗಾಟ ಆದ ದಿನಕ್ಕೆ ತಪ್ಪು. ತಪ್ಪು ಬಿದ್ದ ದಿನಗಳನ್ನು ನೋಡಿದರೆ ರುಚಿ ಕೆಟ್ಟದ್ದು ಒಂದೇ ದಿನ. ಉಳಿದ ದಿನವೆಲ್ಲ ಅಡುಗೆ ಚೆನ್ನಾಗೇ ಇತ್ತು, ತಿನ್ನುವ ಹೊತ್ತಿಗೆ ಕೆಟ್ಟಿತ್ತು.

ಯಾಕೆಂದರೆ ನಮ್ಮನೆಯ ಊಟ ಒಂದೇ ಸಲಕ್ಕೆ ಆಗುವುದಿಲ್ಲ. ಅತ್ತೆಗೆ ಮಾತ್ರೆ ಇದೆ, ಏಳೂವರೆಗೆ ಉಣ್ಣಬೇಕು. ಮಗ ಟ್ಯೂಷನ್ ಮುಗಿಸಿ ಬರುವುದು ಎಂಟೂವರೆ. ನಮ್ಮನೆಯವರು ಬರುವುದು ಒಂಬತ್ತೋ ಒಂಬತ್ತೂವರೆಯೋ, ಅದು ಟ್ರಾಫಿಕ್ಕಿಗೆ ಬಿಟ್ಟದ್ದು. ಹಾಗಾಗಿ ನಾನು ಈಗ ಅಡುಗೆಯನ್ನು ಎರಡೇ ಜಾತಿ ಮಾಡಿಕೊಂಡಿದ್ದೇನೆ. ಒಂದು ಕಾಯುವ ಊಟ, ಅಂದರೆ ತಡವಾಗಿ ಬರುವವರಿಗಾಗಿ ಇಟ್ಟರೂ ಕೆಡದ್ದು. ಇನ್ನೊಂದು ಕಾಯದ ಊಟ, ಮಾಡಿದ ತಕ್ಷಣ ತಿನ್ನಬೇಕಾದ್ದು. ಯಾವುದು ಒಳ್ಳೆಯದು, ಯಾವುದು ರುಚಿ ಅನ್ನುವ ಜಗಳ ಆಮೇಲೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಮಂಡ್ಯ ಕಡೆಯವಳು, ಮುದ್ದೆಯ ಕಡೆ ಸ್ವಲ್ಪ ಪಕ್ಷಪಾತ ಇದೆ. ಅತ್ತೆ ಗದಗದವರು, ಅವರಿಗೆ ರೊಟ್ಟಿಯೇ ಊಟ, ಉಳಿದದ್ದೆಲ್ಲ ನಾಷ್ಟಾ. ಈ ಎರಡರ ನಡುವೆ ಬೆಂಗಳೂರಿನಲ್ಲಿ ಹುಟ್ಟಿದ ಮಗ ನೂಡಲ್ಸ್ ಕೇಳುತ್ತಾನೆ.

ಮುದ್ದೆ: ರಾಗಿ ಕಾಯುತ್ತದೆ, ಮುದ್ದೆ ಕಾಯುವುದಿಲ್ಲ

ರಾಗಿಯಷ್ಟು ತಾಳ್ಮೆಯ ಕಾಳು ಇನ್ನೊಂದಿಲ್ಲ. ಹಿಂದೆ ನಮ್ಮ ಕಡೆ ನೆಲದಲ್ಲಿ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರಗಾಲ ಬಂದಾಗ ತೆಗೆದರೆ ಕಾಳು ಹಾಗೇ ಇರುತ್ತಿತ್ತು. ಕನಕದಾಸರ ರಾಮಧಾನ್ಯ ಚರಿತೆಯ ಕತೆಯೂ ಇದೇ ಅಲ್ವಾ? ಭತ್ತ ದೊಡ್ಡದೋ ರಾಗಿ ದೊಡ್ಡದೋ ಅಂತ ಜಗಳ ಬಂದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ಗೆದ್ದದ್ದು ರಾಗಿ.

ಆದರೆ ಅದೇ ರಾಗಿಯನ್ನು ಮುದ್ದೆ ಕಟ್ಟಿ ಒಂದೂವರೆ ಗಂಟೆ ಇಟ್ಟು ನೋಡಿ. ಆರು ತಿಂಗಳು ಕಾದ ಕಾಳು ಈಗ ಒಂಬತ್ತರವರೆಗೆ ಕಾಯುವುದಿಲ್ಲ. ಮೇಲೆ ತೊಗಲು ಕಟ್ಟುತ್ತದೆ, ಒಳಗೆ ಬಿಗಿಯುತ್ತದೆ. ಹೋದ ವಾರ ಹಾಟ್‌ಬಾಕ್ಸಿನಲ್ಲಿ ಇಟ್ಟಿದ್ದ ಮುದ್ದೆಯನ್ನು ನಮ್ಮನೆಯವರು ತಟ್ಟೆಗೆ ಹಾಕಿಕೊಂಡು, ಬೆರಳಲ್ಲಿ ಒತ್ತಿ, ಮಗನ ಕಡೆ ತಿರುಗಿ "ಬೌಲಿಂಗ್ ಮಾಡ್ತೀಯೇನೋ" ಅಂದರು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ತಪ್ಪು ಗುರುತು.

ಹಾಗಾದರೆ ಮುದ್ದೆ ಬೇಡವೇ? ಬೇಕು. ಎಲ್ಲರೂ ಒಟ್ಟಿಗೆ ಕೂರುವ ದಿನಕ್ಕೆ ಇದಕ್ಕಿಂತ ಸುಲಭದ ಊಟ ಇಲ್ಲ. ಸಾರು ಇದ್ದರೆ ಮುದ್ದೆಗೆ ಬೇಕಾಗುವುದು 20 ನಿಮಿಷ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರು ಕುದಿಯುವ ಮುಂಚೆ ಒಂದು ಚಮಚ ಹಿಟ್ಟನ್ನು ಕದಡಿ ಬಿಡಿ. ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಕೋಲಿನಲ್ಲಿ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ ಐದಾರು ನಿಮಿಷ ಮುಟ್ಟಬೇಡಿ. ಹೊಸಬರು ಸೋಲುವುದು ಇಲ್ಲೇ. ಕೈ ಸುಮ್ನೆ ಇರುವುದಿಲ್ಲ, ಹಿಟ್ಟು ಬೀಳುತ್ತಿದ್ದಂತೆ ತಿರುವುತ್ತಾರೆ, ಗಂಟು ಕಟ್ಟುತ್ತದೆ. ಬೆಂದ ಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ತೊಳಸಿ. ಒದ್ದೆ ಬೆರಳಿಗೆ ಅಂಟದಿದ್ದರೆ ಆಯಿತು ಅಂತ ಅರ್ಥ.

ಶಕ್ತಿಯ ವಿಷಯಕ್ಕೆ ಬಂದರೆ ರಾಗಿಯ ದೊಡ್ಡ ಗುಣ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಇರುತ್ತದೆ. ಪಾಲಿಶ್ ಅಕ್ಕಿಯಲ್ಲಿ ಅದು 10ರ ಆಸುಪಾಸು. ಬೆಳೆಯುವ ಮಕ್ಕಳಿರುವ ಮನೆಗೆ, ಮೂಳೆ ಸವೆಯುವ ವಯಸ್ಸಿನವರಿಗೆ ಇದು ಸಣ್ಣ ವಿಷಯವಲ್ಲ. ಆದರೆ "ಮುದ್ದೆ ತಿಂದರೆ ಶುಗರ್ ಏರಲ್ಲ" ಅನ್ನುವ ಮಾತನ್ನು ಹಾಗೇ ನಂಬಬೇಡಿ. ರಾಗಿಯಲ್ಲೂ ಮೂರರಲ್ಲಿ ಎರಡು ಭಾಗ ಪಿಷ್ಟವೇ. ನಾರು ಜಾಸ್ತಿ ಇದೆ, ಹೊಟ್ಟೆ ಬೇಗ ತುಂಬುತ್ತದೆ, ಅದು ನಿಜ. ಹಾಗಂತ ಮೂರು ಮುದ್ದೆ ನುಂಗಿದರೆ ಲೆಕ್ಕ ತಪ್ಪುತ್ತದೆ.

ಉಳಿದ ಮುದ್ದೆಯನ್ನು ಬಿಸಿ ಮಾಡಲು ಹೋಗಬೇಡಿ. ಬೆಳಗ್ಗೆ ಮಜ್ಜಿಗೆಗೆ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿ, ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ನಮ್ಮವ್ವ ಹೊಲಕ್ಕೆ ಹೋಗುವ ಮುಂಚೆ ಇದನ್ನೇ ಕುಡಿಯುತ್ತಿದ್ದುದು.

ಜೋಳದ ರೊಟ್ಟಿ: ಬಿಸಿದು ಬೇರೆ, ಖಡಕ್ ಬೇರೆ

ರೊಟ್ಟಿಯದು ಮುದ್ದೆಯ ಹಾಗಲ್ಲ. ಇದರಲ್ಲಿ ಎರಡೂ ಇದೆ. ಹೆಂಚಿನಿಂದ ಇಳಿದ ಬಿಸಿ ರೊಟ್ಟಿ ಎರಡು ನಿಮಿಷವೂ ಕಾಯುವುದಿಲ್ಲ. ಅದನ್ನೇ ಒಣಗಿಸಿ ಖಡಕ್ ಮಾಡಿದರೆ ವಾರಗಟ್ಟಲೆ ಕಾಯುತ್ತದೆ. ಒಂದೇ ಹಿಟ್ಟು, ಒಂದೇ ಕೈ.

ಬಿಸಿ ರೊಟ್ಟಿ ಅಂದರೆ ಮಾಡುವವರಿಗೆ ಕಷ್ಟ. ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕುವುದು ಅದಕ್ಕೇ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಹಿಡಿದುಕೊಂಡರೆ ಮಾತ್ರ ರೊಟ್ಟಿ ಬಡಿಯಲು ಬರುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಅಂಚು ಸೀಳುತ್ತದೆ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ತಂದು "ನನಗೆ ರೊಟ್ಟಿ ಬರಲ್ಲ" ಅಂತ ಬೇಜಾರು ಮಾಡಿಕೊಂಡವರು ಎಷ್ಟೋ ಜನ. ತಪ್ಪು ನಿಮ್ಮ ಕೈಯದ್ದಲ್ಲದೆ ಹಿಟ್ಟಿನದ್ದೂ ಇರಬಹುದು. ಬಿಳಿಜೋಳ ತಂದು, ಹದಿನೈದು ದಿನಕ್ಕೆ ಆಗುವಷ್ಟೇ ಗಿರಣಿಗೆ ಹಾಕಿಸಿ ನೋಡಿ. ಮಾಲ್ದಂಡಿ ಜೋಳ ಸಿಕ್ಕರಂತೂ ಅತ್ತೆಯ ಮುಖ ನೋಡಬೇಕು.

ನನಗೆ ರೊಟ್ಟಿ ದುಂಡಗೆ ಬರಲು ಎರಡು ವರ್ಷ ಬೇಕಾಯಿತು. ಈಗಲೂ ನಾಲ್ಕು ಜನಕ್ಕೆ ಎಂಟು ರೊಟ್ಟಿ ಬಡಿಯಲು 40 ನಿಮಿಷ ಒಲೆ ಮುಂದೆ ನಿಲ್ಲುತ್ತೇನೆ. ಆಫೀಸಿನಿಂದ ಬಂದ ದಿನ ಅದು ಆಗದ ಮಾತು. ಹಾಗಾಗಿ ಬಿಸಿ ರೊಟ್ಟಿ ಭಾನುವಾರಕ್ಕೆ. ಅವತ್ತು ಅತ್ತೆಯೇ ಕೂಗುತ್ತಾರೆ: "ಬಿಸಿ ರೊಟ್ಟಿ ತಿನ್ನಾಕ ಬಾ ಅಂದ್ರ ಮೊಬೈಲ್ ಹಿಡ್ಕೊಂಡ್ ಕುಂತಾನ ನೋಡು. ಆರಿದ್ ಮ್ಯಾಲ ನನ್ನ ಕೇಳಬ್ಯಾಡ." ಕಾಯದ ಊಟಕ್ಕೆ ಇಷ್ಟು ಕೂಗು ಬೇಕೇ ಬೇಕು.

ವಾರದ ದಿನಕ್ಕೆ ಖಡಕ್ ರೊಟ್ಟಿ ಇದೆ. ಈಗ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ರೊಟ್ಟಿ ಅಂಗಡಿಗಳಿವೆ, ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ನಡೆಸುವುದೇ ಹೆಚ್ಚು. ಒಂದು ಕಟ್ಟು ತಂದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಆಯಿತು. ಎಣ್ಣೆಗಾಯಿ ಇದ್ದರೆ ಹಬ್ಬ. ಇಲ್ಲದಿದ್ದರೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಒಲೆಯನ್ನೇ ಹಚ್ಚಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ರೊಟ್ಟಿ ದಾಸೋಹಕ್ಕೆ ಬರುತ್ತದೆ. ಸುತ್ತಲ ಹಳ್ಳಿಯವರು ಮನೆಮನೆಯಲ್ಲಿ ಬಡಿದು, ಒಣಗಿಸಿ, ಗಾಡಿ ತುಂಬಿಸಿ ತಂದು ಕೊಡುತ್ತಾರೆ. ಕಾಯುವ ಗುಣ ಇಲ್ಲದ ಊಟವಾಗಿದ್ದರೆ ಅಷ್ಟು ಜನಕ್ಕೆ ಅಷ್ಟು ದಿನ ಬಡಿಸಲು ಆಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ಹಲ್ಲು ಸರಿಯಿಲ್ಲದವರಿಗೆ ಖಡಕ್ ರೊಟ್ಟಿ ಕೊಡುವುದಾದರೆ ಬಿಸಿ ಬೇಳೆ ಸಾರಿನಲ್ಲೋ ಹಾಲಿನಲ್ಲೋ ಮುರಿದು ನೆನೆಸಿ ಕೊಡಿ. ಅತ್ತೆ ಈಗ ಹಾಗೇ ಉಣ್ಣುವುದು.

ಚಪಾತಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಚಪಾತಿ ಅರ್ಧ ಕಾಯುತ್ತದೆ. ಬೇಯಿಸಿದ್ದನ್ನು ಇಡುವ ಬದಲು ಕಲಸಿದ ಹಿಟ್ಟನ್ನು ಇಡಿ, ಬಂದವರಿಗೆ ಬಂದ ಹಾಗೆ ಲಟ್ಟಿಸಿ ಹಾಕಿ. ಬೇಯಿಸಿಯೇ ಇಡುವುದಾದರೆ ಡಬ್ಬಿಗೆ ಹತ್ತಿಬಟ್ಟೆ ಹಾಸಿ, ಹಬೆ ಆರಿದ ಮೇಲೆ ಮುಚ್ಚಿ. ಇಲ್ಲದಿದ್ದರೆ ತಳದ ಎರಡು ಚಪಾತಿ ಒದ್ದೆ ಕರವಸ್ತ್ರದ ಹಾಗೆ ಆಗಿರುತ್ತವೆ. ಪಲ್ಯ ಮಾತ್ರ ಒಣದಾಗಿರಬಾರದು. ಚಪಾತಿ ಆರಿದಷ್ಟೂ ನೆಂಚಿಕೊಳ್ಳಲು ರಸ ಬೇಕು.

ಅನ್ನ-ಸಾರು: ಸಾರೇ ಮನೆ ಯಜಮಾನ

15ರಲ್ಲಿ 6 ದಿನ ಅನ್ನ-ಸಾರು ಯಾಕೆ ಗೆದ್ದಿತು? ಸೋಮಾರಿತನ ಅನ್ನುತ್ತಾರೆ ಮಗರಾಯರು. ಕಾರಣ ಬೇರೆ ಇದೆ. ಅನ್ನ ಕಾಯದಿದ್ದರೂ ಸಾರು ಕಾಯುತ್ತದೆ. ಬರೀ ಕಾಯುವುದಲ್ಲ, ಕೆಲವು ಸಾರು ಕಾದಷ್ಟೂ ರುಚಿ ಏರುತ್ತದೆ. ಅನ್ನವನ್ನು ಬೇಕೆಂದಾಗ ಚಿಕ್ಕ ಕುಕ್ಕರಿನಲ್ಲಿ 15 ನಿಮಿಷಕ್ಕೆ ಮಾಡಿಕೊಳ್ಳಬಹುದು. ಹಾಗಾಗಿ ಇಲ್ಲಿ ಆಯ್ಕೆ ಮಾಡಬೇಕಾದ್ದು ಸಾರನ್ನು.

ತಿಳಿಸಾರು ಅರ್ಧ ಗಂಟೆಯ ಕೆಲಸ. ಬೇಳೆಕಟ್ಟು, ಟೊಮೆಟೊ, ಹುಣಸೆ, ಸಾರಿನ ಪುಡಿ, ಕೊನೆಗೆ ತುಪ್ಪದಲ್ಲಿ ಇಂಗು-ಸಾಸಿವೆ ಒಗ್ಗರಣೆ. ಜ್ವರ ಬಂದವರಿಗೆ, ಮದುವೆ ಮನೆಯಿಂದ ಬಂದ ಮಾರನೆ ದಿನಕ್ಕೆ ಇದೇ ಸರಿ. ಆದರೆ ತಿಳಿ ಆದಷ್ಟೂ ಅದರಲ್ಲಿ ಬೇಳೆ ಕಮ್ಮಿ. ಬರೀ ತಿಳಿಸಾರು-ಅನ್ನ ತಿಂದು ಎದ್ದರೆ ಅಕ್ಕಿಯೇ ಊಟ ಆಯಿತು. ಪಕ್ಕಕ್ಕೆ ಒಂದು ಹೆಸರುಬೇಳೆ ಕೋಸಂಬರಿಯೋ ಮೊಟ್ಟೆಯೋ ಇರಲಿ.

ಹುಳಿ, ಅಂದರೆ ತರಕಾರಿ-ಬೇಳೆ ಹಾಕಿದ ಗಟ್ಟಿ ಸಾಂಬಾರು, ಒಂದು ಗಂಟೆ ಬೇಡುತ್ತದೆ. ಮಾರನೆ ದಿನ ಬೆಳಗ್ಗೆ ಇಡ್ಲಿಗೋ ದೋಸೆಗೋ ಆಗುತ್ತದೆ ಅನ್ನುವ ಲೆಕ್ಕವಿದ್ದರೆ ಮಾತ್ರ ಮಾಡಿ.

ನನ್ನ ಓಟು ಬಸ್ಸಾರಿಗೆ. ಇದರ ಜಾಣತನ ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತೀರಿ. ಬಸಿದ ಕಟ್ಟಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿತುರಿ, ಹುಣಸೆ, ಜೊತೆಗೆ ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದು ಬೇಯಿಸಾಟಕ್ಕೆ ಎರಡು ಅಡುಗೆ. ಬೇಯಿಸಿದ ನೀರು ಮೋರಿಗೆ ಹೋಗುವುದಿಲ್ಲ. ಅಲಸಂದೆ, ಹೆಸರುಕಾಳು, ಹುರುಳಿ ಯಾವುದಾದರೂ ಆಗುತ್ತದೆ. ಈ ಕಾಳುಗಳಲ್ಲಿ ನೂರು ಗ್ರಾಮಿಗೆ 20 ಗ್ರಾಮಿಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ, ಅಕ್ಕಿಯಲ್ಲಿ 7ರಷ್ಟು. ಮೊದಲ ದಿನ ಮುದ್ದೆಗೆ, ಎರಡನೇ ದಿನ ಅನ್ನಕ್ಕೆ. ಹುರುಳಿಕಾಳಿನ ಬಸ್ಸಾರನ್ನಂತೂ ನಮ್ಮೂರಲ್ಲಿ ಕುದಿಸಿ ಕುದಿಸಿ ಮೂರು ದಿನ ಇಡುತ್ತಿದ್ದರು. ಈಗ ಫ್ರಿಜ್ ಇದೆ, ಅಷ್ಟು ಕುದಿಸಬೇಕಿಲ್ಲ.

ಡಿಸೆಂಬರ್, ಜನವರಿಯಲ್ಲಿ ಇದನ್ನು ಓದುತ್ತಿದ್ದರೆ ಮೇಲಿನದ್ದೆಲ್ಲ ಮರೆತುಬಿಡಿ. ಅವರೆಕಾಯಿ ಕಾಲದಲ್ಲಿ ಹೋಲಿಕೆ ಅನ್ನುವುದೇ ಇಲ್ಲ. ಹಿತಕಿದ ಬೇಳೆ ಸಾರು. ಮನೆಮಂದಿಯನ್ನೆಲ್ಲ ಟಿವಿ ಮುಂದೆ ಕೂರಿಸಿ ಅವರೆಕಾಳು ಹಿತುಕಿಸಿ, ಇಲ್ಲದಿದ್ದರೆ ನಿಮ್ಮ ಹೆಬ್ಬೆರಳು ಹೋಗುತ್ತದೆ.

ಅನ್ನ ಉಳಿದರೆ

ರಾತ್ರಿಯ ಅನ್ನ ಬೆಳಗ್ಗೆ ಚಿತ್ರಾನ್ನ ಆಗುವುದು ನಮ್ಮೆಲ್ಲರ ಮನೆಯ ಕತೆ. ತಪ್ಪೇನಿಲ್ಲ. ಆರಿದ ಅನ್ನ ಉದುರುದುರಾಗಿರುತ್ತದೆ, ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ಅದೇ ಸರಿ. ಆದರೆ ರಾತ್ರಿಯೆಲ್ಲ ಕಟ್ಟೆ ಮೇಲೆ ಇಡಬೇಡಿ, ಅದರಲ್ಲೂ ಬೇಸಿಗೆಯಲ್ಲಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಾಣುವಿನ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಹೊರಗಿದ್ದರೆ ಬೆಳೆದು ವಿಷ ಬಿಡುತ್ತವೆ. ಬೆಳಗ್ಗೆ ಎಷ್ಟು ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಅನ್ನವನ್ನು ತಟ್ಟೆಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಇದೊಂದೇ ಕೆಲಸ.

ಬಾತುಗಳಲ್ಲಿ ಯಾವುದು ಕಾಯುತ್ತದೆ? ಚಿತ್ರಾನ್ನ, ವಾಂಗಿಬಾತು ಎರಡೂ ಡಬ್ಬಿಯ ಊಟಗಳು, ಮಧ್ಯಾಹ್ನದವರೆಗೆ ತಾಳುತ್ತವೆ. ಪುಳಿಯೋಗರೆಯ ಗೊಜ್ಜಿಗೆ ಸಾಟಿಯೇ ಇಲ್ಲ. ಎಣ್ಣೆ ಬಿಡುವವರೆಗೆ ಕುದಿಸಿ ಬಾಟಲಿಗೆ ಹಾಕಿಟ್ಟರೆ ವಾರಗಟ್ಟಲೆ ಇರುತ್ತದೆ. ಮೇಲುಕೋಟೆಗೆ ಹೋದವರು ಗೊಜ್ಜು ಕಟ್ಟಿಸಿಕೊಂಡು ಬರುವುದು ಸುಮ್ನೆ ಅಲ್ಲ. ಬಿಸಿಬೇಳೆಬಾತು ಮಾತ್ರ ಹೆಸರಲ್ಲೇ ಹೇಳಿಬಿಟ್ಟಿದೆ. ಒಲೆಯಿಂದ ಇಳಿಸುವಾಗ ತುಸು ನೀರಾಗಿದ್ದರೆ ತಟ್ಟೆಗೆ ಬರುವ ಹೊತ್ತಿಗೆ ಹದವಾಗುತ್ತದೆ. ಇಳಿಸುವಾಗಲೇ ಹದವಾಗಿದ್ದರೆ ಒಂಬತ್ತಕ್ಕೆ ಬಂದವರಿಗೆ ಚಾಕು ಕೊಡಬೇಕು. ತಡವಾಗಿ ಬರುವವರಿಗೆ ಬಡಿಸುವಾಗ ಅರ್ಧ ಲೋಟ ಬಿಸಿನೀರು, ಒಂದು ಚಮಚ ತುಪ್ಪ ಹಾಕಿ ಸಡಿಲ ಮಾಡಿ. ತಣ್ಣೀರು ಬೇಡ, ಬೇಳೆ ಒಂದು ಕಡೆ, ನೀರು ಒಂದು ಕಡೆ ನಿಲ್ಲುತ್ತದೆ.

ಮೊಸರನ್ನಕ್ಕೂ ಒಂದು ಉಪಾಯ. ಕಾಯಬೇಕಾದ ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಎರಡೇ ಚಮಚ. ತಿನ್ನುವ ಹೊತ್ತಿಗೆ ಸರಿಯಾಗಿ ಹೆಪ್ಪಾಗಿರುತ್ತದೆ, ಹುಳಿಯೂ ಬಂದಿರುವುದಿಲ್ಲ.

ಉಪ್ಪಿಟ್ಟು, ಅವಲಕ್ಕಿ: ಕೈಲಾಗದ ದಿನಕ್ಕೆ

ಉಪ್ಪಿಟ್ಟಿಗೆ ಬೆಂಗಳೂರಿನ ಹುಡುಗರು ಕಾಂಕ್ರೀಟ್ ಅನ್ನುವುದು ಹೊಸದೇನಲ್ಲ. ಅದು ಉಪ್ಪಿಟ್ಟಿನ ತಪ್ಪಲ್ಲ. ಒಂದು ಲೋಟ ರವೆಗೆ ಎರಡು ಲೋಟ ನೀರು ಹಾಕುವವರ ತಪ್ಪು. ಬನ್ಸಿ ರವೆಗೆ ಮೂರು ಲೋಟ ಹಾಕಿ. ರವೆಯನ್ನು ಘಮ್ಮೆನ್ನುವವರೆಗೆ ಹುರಿಯಿರಿ. 20 ನಿಮಿಷದಲ್ಲಿ ಊಟ ತಯಾರು. ಆದರೆ ಎಷ್ಟೇ ನೀರು ಹಾಕಿದರೂ ಒಂದು ಗಂಟೆಯ ನಂತರ ಅದು ಅಚ್ಚು ಹಾಕಿದಂತೆ ಪಾತ್ರೆಯ ಆಕಾರವನ್ನೇ ಹಿಡಿಯುತ್ತದೆ. ಒಬ್ಬರೋ ಇಬ್ಬರೋ ಇದ್ದು, ಮಾಡಿದ ತಕ್ಷಣ ತಿನ್ನುವುದಾದರೆ ಮಾತ್ರ ಉಪ್ಪಿಟ್ಟು.

ಅವಲಕ್ಕಿ ಹಾಗಲ್ಲ. ಗೊಜ್ಜವಲಕ್ಕಿ ಮೂರು ಗಂಟೆ ಕಾದರೂ ಮುನಿಸಿಕೊಳ್ಳುವುದಿಲ್ಲ, ಹುಳಿ-ಬೆಲ್ಲ-ಖಾರ ಇನ್ನೂ ಚೆನ್ನಾಗಿ ಹಿಡಿದಿರುತ್ತದೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿ ಮಾಡಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಕಲಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಒಗ್ಗರಣೆ ಕೊಡುವುದು. ಪೇಪರ್ ಅವಲಕ್ಕಿಯಲ್ಲಿ ಮಾಡಿದರೆ ಮುದ್ದೆ ಆಗುತ್ತದೆ, ಹಾಳು. ದಾವಣಗೆರೆ ಕಡೆಯವರಾದರೆ ಇದೇ ಜಾಗದಲ್ಲಿ ಒಗ್ಗರಣೆ ಮಂಡಕ್ಕಿ ಬರುತ್ತದೆ, ಜೊತೆಗೆ ಮಿರ್ಚಿ. ನಮ್ಮನೆಯಲ್ಲಿ ಅದನ್ನು ಊಟ ಅಂತ ಒಪ್ಪಿಸಲು ನನಗೆ ಇನ್ನೂ ಆಗಿಲ್ಲ.

ಗಂಜಿ, ತಂಬುಳಿ

ಇವೆರಡೂ ಈ 15 ದಿನದ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಬಿಡಲು ಮನಸ್ಸಿಲ್ಲ. ಪುತ್ತೂರು ಕಡೆಯ ಗೆಳತಿಯೊಬ್ಬಳು ಕಲಿಸಿಕೊಟ್ಟದ್ದು ಕುಚ್ಚಲಕ್ಕಿ ಗಂಜಿ. ಕಾಯುವ ಊಟಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಅಕ್ಕಿ ದಪ್ಪ, ಬೇಯಲು ಮುಕ್ಕಾಲು ಗಂಟೆ ಬೇಕು. ಆದರೆ ಬೇಯುವಾಗ ನೀವು ಅಲ್ಲಿ ನಿಲ್ಲಬೇಕಿಲ್ಲ. ತಿಳಿಯ ಸಮೇತ ಪಾತ್ರೆಯಲ್ಲಿ ಮುಚ್ಚಿಟ್ಟರೆ ಏಳೂವರೆಗೂ ಸರಿ, ಒಂಬತ್ತೂವರೆಗೂ ಸರಿ. ಸಾಮಾನ್ಯ ಅನ್ನದ ಹಾಗೆ ಕರಗಿ ಅಂಟಾಗುವುದಿಲ್ಲ. ಮಾವಿನಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ತೆಂಗಿನಕಾಯಿ ಚಟ್ನಿ. ತಿನ್ನುವವರ ಮನೆಯಲ್ಲಿ ಒಣಮೀನಿನ ಚಟ್ನಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡುತ್ತೇನೆ. ಅತ್ತೆ ಮೊದಲ ಸಲ "ಯಾರಿಗೆ ಆರಾಮ ಇಲ್ಲ?" ಅಂತ ಕೇಳಿದರು. ಈಗ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಮಲೆನಾಡಿನ ತಂಬುಳಿಗೆ ಹತ್ತು ನಿಮಿಷ. ಒಂದೆಲಗವೋ ದೊಡ್ಡಪತ್ರೆಯೋ ಎರಡು ಹಿಡಿ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಅಷ್ಟೇ. ಏಪ್ರಿಲ್ ಸೆಕೆಗೆ ಸಾರು ಕುದಿಸುವುದಕ್ಕಿಂತ ಸಾವಿರ ಪಾಲು ವಾಸಿ. ಕುಂಡದಲ್ಲಿ ಒಂದು ದೊಡ್ಡಪತ್ರೆ ಗಿಡ ನೆಟ್ಟುಕೊಳ್ಳಿ, ಕೊಲ್ಲಬೇಕೆಂದರೂ ಸಾಯುವುದಿಲ್ಲ.

ಹೊರಗಿಂದ ತರಿಸಿದ್ದು

ಒಂದು ದಿನ ತರಿಸಿದೆವು. ಬಂದದ್ದು 55 ನಿಮಿಷಕ್ಕೆ. ಗೋಬಿ ಮಂಚೂರಿ ಮೆತ್ತಗಾಗಿತ್ತು, ಫ್ರೈಡ್ ರೈಸ್ ತಣ್ಣಗಿತ್ತು. ರುಚಿ ಕೆಟ್ಟ ಆ ಒಂದು ದಿನ ಇದೇ. ಅಷ್ಟು ಹೊತ್ತಿನಲ್ಲಿ ತಿಳಿಸಾರು, ಅನ್ನ, ಹಪ್ಪಳ ಮುಗಿದು ಪಾತ್ರೆಯೂ ತೊಳೆದಾಗುತ್ತಿತ್ತು. ತರಿಸಲೇಬೇಕೆಂದಿದ್ದರೆ ಮನೆಯಲ್ಲಿ ಅನ್ನ ಮಾಡಿಕೊಂಡು, ರಸ ಇರುವ ಪಲ್ಯ, ಸಾರು, ಗ್ರೇವಿಯಂಥದ್ದನ್ನು ಮಾತ್ರ ತರಿಸಿ. ಕರಿದದ್ದು ಯಾವುದೂ ಸ್ಕೂಟರ್ ಮೇಲೆ ಕಾಯುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ಒಬ್ಬರೇ ಇದ್ದರೆ ಮುದ್ದೆಯನ್ನು ಧೈರ್ಯವಾಗಿ ಆರಿಸಿಕೊಳ್ಳಿ. ಒಬ್ಬರ ಮುದ್ದೆಗೆ ಚಿಕ್ಕ ಪಾತ್ರೆ, ಮುಕ್ಕಾಲು ಲೋಟ ಹಿಟ್ಟು ಸಾಕು. ಮಾಡಿದ ತಕ್ಷಣ ತಿನ್ನುವವರೂ ನೀವೇ. ಭಾನುವಾರ ಬಸ್ಸಾರು ಮಾಡಿ ಎರಡು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಹೊರದೇಶದಲ್ಲಿ ಓದುವ ನನ್ನ ತಂಗಿಯ ಮಗಳು ಮಾಡುವುದೂ ಹೀಗೇ. ಇಂಡಿಯನ್ ಸ್ಟೋರಿನಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಮುದ್ದೆ ಕೋಲಿನ ಬದಲು ಮರದ ಸೌಟಿನ ಹಿಡಿ.

ಇಬ್ಬರೂ ದುಡಿಯುವ ಮನೆ, ಇಬ್ಬರೂ ಒಂದೇ ಹೊತ್ತಿಗೆ ಬರುತ್ತೀರಿ ಅಂದರೆ ಚಪಾತಿ ಹಾಕಬಹುದು. ಒಬ್ಬರು ಲಟ್ಟಿಸಿ ಒಬ್ಬರು ಬೇಯಿಸುವುದಾದರೆ ಮಾತ್ರ. ಇಲ್ಲವಾದರೆ ಖಡಕ್ ರೊಟ್ಟಿ ತಂದಿಟ್ಟುಕೊಂಡು ಪಲ್ಯ ಒಂದನ್ನೇ ಮಾಡಿ. ಚಿಕ್ಕ ಮಕ್ಕಳಿದ್ದರೆ ಅನ್ನ-ಹುಳಿ, ಅದಕ್ಕೊಂದು ಚಮಚ ತುಪ್ಪ. ಅವರ ಬಾಯಿ ಯಾವಾಗ ತೆರೆಯುತ್ತದೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಮತ್ತೆ ಬಿಸಿ ಮಾಡಬಹುದಾದ್ದೇ ಬೇಕು.

ನಮ್ಮನೆಯಂತೆ ಮೂರು ಪಾಳಿಯಲ್ಲಿ ಉಣ್ಣುವವರಿದ್ದರೆ ಒಂದು ಕಾಯುವ ಸಾರು ಇರಲಿ, ಅದರ ಜೊತೆಗಾರ ಆಯಾ ಪಾಳಿಗೆ ಬದಲಾಗಲಿ. ಇವತ್ತಿನದನ್ನೇ ಹೇಳುತ್ತೇನೆ. ಬೆಳಗ್ಗೆ ಅಲಸಂದೆ ನೆನೆಹಾಕಿ ಹೋಗಿದ್ದೆ. ಬರುವಾಗ ದಂಟಿನ ಸೊಪ್ಪು ಎರಡು ಕಟ್ಟು ತಂದೆ. ಬಸ್ಸಾರು ಕುದಿಯುತ್ತಿದೆ. ಅತ್ತೆಗೆ ರೊಟ್ಟಿ ಮುರಿದು ಸಾರಲ್ಲಿ ನೆನೆಸಿದ್ದಾಯಿತು. ಮಗನಿಗೆ ಕುಕ್ಕರಿನಲ್ಲಿ ಅನ್ನ. ಮುದ್ದೆಗೆ ನೀರು ಅಳೆದು ಪಾತ್ರೆಯಲ್ಲಿಟ್ಟಿದ್ದೇನೆ, ಹಿಟ್ಟಿನ ಡಬ್ಬಿಯೂ ಪಕ್ಕದಲ್ಲೇ ಇದೆ. ಅವರ ಗಾಡಿ ಗೇಟಿನ ಒಳಗೆ ಬಂದ ಸದ್ದು ಕೇಳಿಸುವವರೆಗೆ ಒಲೆ ಹಚ್ಚುವುದಿಲ್ಲ.